ನಾಲ್ಕರಲ್ಲಿ ಮೂರು

ಪ್ರಿಯ ಓದುಗರೇ,

ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಹತ್ತಿರವಾದಂತೆ, ಗಣೇಶೋತ್ಸವಕ್ಕೆ ಸಭಾಂಗಣ ಸಿಕ್ಕೀತೇ, ಅಡುಗೆಗೆ ಯಾರು ಎಂಬ ಚಿಂತೆಯಲ್ಲಿ ನಮ್ಮ ಕಾರ್ಯಕಾರಿ ಸಮಿತಿ ಮುಳುಗುತ್ತದೆ. ಅದೇ ರಜೆಯ ಮುನ್ನಾದಿನ, ಉತ್ತರ ಕೆರೊಲಿನಾದ ನಮ್ಮ ಶಾರ್ಲಟ್‌ನಿಂದ ಎರಡು ಗಂಟೆಯೊಳಗಿನ ಹಾದಿಯಲ್ಲಿರುವ ಡಾರ್ಲಿಂಗ್‌ಟನ್ ಎಂಬ ಸಣ್ಣ ಊರು ಸದರ್ನ್ 500 ಎಂಬ ಸ್ಟಾಕ್ ಕಾರ್ (ರಸ್ತೆಯ ಕಾರಿನ ರೂಪದ ರೇಸ್ ಕಾರು) ಓಟಕ್ಕೆ ತುಂಬಿ ತುಳುಕುತ್ತದೆ. ಇಂಥ ಓಟಗಳ ಸರಣಿ ನಡೆಸುವ ಸಂಸ್ಥೆ ನ್ಯಾಸ್ಕಾರ್. ನ್ಯಾಸ್ಕಾರ್ ಎಂದರೆ ಸುಮ್ಮನೆ ಎಡಕ್ಕೆ ತಿರುಗುತ್ತ ಸುತ್ತುವ ಆಟ ಎಂದು ನಮ್ಮಲ್ಲಿ ಬಹಳ ಮಂದಿ ನಗುತ್ತಾರೆ, ನಾನೂ ನಕ್ಕವನೇ. ಆ ನಗು ನಿಂತದ್ದು ಒಂದು ಬಹುಮಾನದ ಕಥೆ ತಿಳಿದ ಮೇಲೆ. ಅದರ ಹೆಸರು ವಿನ್‌ಸ್ಟನ್ ಮಿಲಿಯನ್.

ಈ ಬಹುಮಾನದ ಬೇರು ಕಾರಿನಲ್ಲಿಲ್ಲ, ಸಿಗರೇಟಿನಲ್ಲಿದೆ. ಅಮೆರಿಕದ ಟಿ.ವಿ. ಮತ್ತು ರೇಡಿಯೋಗಳಲ್ಲಿ ಸಿಗರೇಟಿನ ಜಾಹೀರಾತು 1971ರ ಜನವರಿ 2ರಿಂದ ನಿಷೇಧಕ್ಕೆ ಒಳಗಾಯಿತು. ನಮ್ಮದೇ ರಾಜ್ಯದ ವಿನ್‌ಸ್ಟನ್-ಸೇಲಂ ನಗರದ ವಿನ್‌ಸ್ಟನ್ ಸಿಗರೇಟು ತಯಾರಿಸುತ್ತಿದ್ದ ಆರ್. ಜೆ. ರೆನಾಲ್ಡ್ಸ್ ಕಂಪನಿಯ ಕೈಯಲ್ಲಿ ಜಾಹೀರಾತಿಗೆಂದು ತೆಗೆದಿಟ್ಟ ಹಣ ಖರ್ಚಿಗೆ ದಾರಿಯಿಲ್ಲದೆ ಉಳಿಯಿತು. ಹಳೆಯ ಚಾಲಕ ಜೂನಿಯರ್ ಜಾನ್ಸನ್ ತಮ್ಮ ಒಂದು ಕಾರಿಗೆ ನೆರವು ಕೇಳಲು ಅಲ್ಲಿಗೆ ಹೋದಾಗ, ಅಷ್ಟು ಸಣ್ಣ ಮೊತ್ತ ತಮಗೆ ಸಾಲದು ಎಂಬ ಉತ್ತರ ಬಂತೆಂದೂ, ಹಾಗಾದರೆ ಇಡೀ ಸರಣಿಯನ್ನೇ ಹಿಡಿಯಿರಿ ಎಂದು ಅವರು ನ್ಯಾಸ್ಕಾರ್ ಕಡೆಗೆ ಕೈ ತೋರಿಸಿದರೆಂದೂ ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಆ ವರ್ಷದಿಂದ 2003ರವರೆಗೆ ಸರಣಿಯ ಹೆಸರು ವಿನ್‌ಸ್ಟನ್ ಕಪ್ ಎಂದೇ ಇತ್ತು.

1985ರಲ್ಲಿ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವರ್ಷದ ಓಟಗಳಲ್ಲಿ ನಾಲ್ಕನ್ನು ಆರಿಸಿ, ಅವುಗಳಲ್ಲಿ ಮೂರನ್ನು ಒಂದೇ ವರ್ಷ ಗೆದ್ದ ಚಾಲಕನಿಗೆ 10 ಲಕ್ಷ ಡಾಲರ್ ಎಂದು ಘೋಷಿಸಿತು. ಮೂರು ಯಾರಿಗೂ ದಕ್ಕದಿದ್ದರೆ ಎರಡನ್ನು ಮೊದಲು ಗೆದ್ದವನಿಗೆ 1 ಲಕ್ಷ. ಆರಿಸಿದ ರೀತಿಯಲ್ಲೇ ಜಾಣತನವಿತ್ತು. ಡೇಟೋನಾ 500 ಅತಿ ಹೆಚ್ಚು ಹಣದ ಓಟ, ಟ್ಯಾಲಡೀಗಾದ ವಿನ್‌ಸ್ಟನ್ 500 ಅತಿ ವೇಗದ್ದು, ಶಾರ್ಲಟ್‌ನ 600 ಮೈಲಿಯದು ಅತಿ ಉದ್ದದ್ದು (ಹೆಚ್ಚೂಕಡಿಮೆ ಬೆಂಗಳೂರಿನಿಂದ ಮುಂಬಯಿಗೆ ಹೋದಷ್ಟು ದೂರ, ಹೋಗುವುದು ಮಾತ್ರ ಎಲ್ಲಿಗೂ ಇಲ್ಲ), 1950ರಿಂದ ನಡೆಯುತ್ತಿರುವ ಡಾರ್ಲಿಂಗ್‌ಟನ್‌ನ ಸದರ್ನ್ 500 ಅತಿ ಹಳೆಯದು. ಮೀನುಕೊಳವೊಂದನ್ನು ಉಳಿಸಿಕೊಳ್ಳಲು ಒಂದು ತುದಿಯನ್ನು ಕಿರಿದು ಮಾಡಿದ್ದರಿಂದ ಕೋಳಿಮೊಟ್ಟೆಯ ಆಕಾರ ತಾಳಿದ ಡಾರ್ಲಿಂಗ್‌ಟನ್ ಟ್ರ್ಯಾಕಿನಲ್ಲಿ ಒಂದು ತಿರುವಿಗೆ ಹೊಂದಿಸಿದ ಕಾರು ಇನ್ನೊಂದಕ್ಕೆ ಒಗ್ಗುವುದಿಲ್ಲ. ಒಂದೇ ಬಗೆಯ ಕೌಶಲದಿಂದ ಮೂರನ್ನು ಗೆಲ್ಲುವುದು ಆಗದ ಮಾತು.

ಮೊದಲ ವರ್ಷವೇ ಒಬ್ಬರು ಗೆದ್ದರು. ಜಾರ್ಜಿಯಾದ ಡಾಸನ್‌ವಿಲ್ ಎಂಬ ಗುಡ್ಡಗಾಡಿನ ಊರಿನ ಬಿಲ್ ಎಲಿಯಟ್, ತಮ್ಮ ಅಣ್ಣ ಎರ್ನಿ ಕಟ್ಟಿದ ಎಂಜಿನ್ನಿನ 9ನೇ ಸಂಖ್ಯೆಯ ಫೋರ್ಡ್ ಥಂಡರ್‌ಬರ್ಡ್‌ನಲ್ಲಿ ಡೇಟೋನಾ ಗೆದ್ದರು. ಮೇ ತಿಂಗಳಲ್ಲಿ ಟ್ಯಾಲಡೀಗಾದಲ್ಲಿ ಆಯಿಲ್ ಸೋರಿ, ಟ್ರ್ಯಾಕಿನ ಪಕ್ಕದ ದುರಸ್ತಿ ಜಾಗವಾದ ಪಿಟ್‌ನಲ್ಲಿ ನಿಲ್ಲಬೇಕಾಗಿ ಬಂದು, ಹೆಚ್ಚುಕಡಿಮೆ ಎರಡು ಸುತ್ತು ಹಿಂದೆ ಬಿದ್ದರು. ಅಲ್ಲಿ ಒಂದು ಸುತ್ತು 2.66 ಮೈಲಿ. ಸಾಮಾನ್ಯವಾಗಿ ಅಪಘಾತವಾಗಿ ಹಳದಿ ಬಾವುಟ ಬೀಸಿ ಎಲ್ಲರೂ ನಿಧಾನಿಸಿದಾಗಲೇ ಹಿಂದುಳಿದವರಿಗೆ ಉಸಿರಾಡಲು ಅವಕಾಶ. ಎಲಿಯಟ್ ಅಂಥ ಯಾವ ಕೃಪೆಯೂ ಇಲ್ಲದೆ, ಬರಿಯ ವೇಗದಿಂದ ಆ ಐದು ಮೈಲಿಯನ್ನು ಹಿಂಪಡೆದು ಓಟವನ್ನೂ ಗೆದ್ದರು. ಶಾರ್ಲಟ್‌ನಲ್ಲಿ ಬ್ರೇಕ್ ಕೈಕೊಟ್ಟಿತು. ಅಲ್ಲಿ ಗೆದ್ದದ್ದು ಡ್ಯಾರೆಲ್ ವಾಲ್ಟ್ರಿಪ್. ಉಳಿದದ್ದು ಡಾರ್ಲಿಂಗ್‌ಟನ್ ಒಂದೇ. ಸೆಪ್ಟೆಂಬರ್ 1ರಂದು ಅಲ್ಲಿ ಮುಂದಿದ್ದ ಕೇಲ್ ಯಾರ್ಬರೋ ಅವರ ಕಾರಿನ ಪವರ್ ಸ್ಟಿಯರಿಂಗ್ ಪೈಪು ಒಡೆದು ಹೊಗೆ ಎದ್ದಿತು. ಎಲಿಯಟ್ ಮುಂದೆ ಹೋದರು, ಸ್ಟಿಯರಿಂಗನ್ನು ತೋಳ್ಬಲದಿಂದಲೇ ತಿರುಗಿಸುತ್ತ ಯಾರ್ಬರೋ ಎರಡನೆಯವರಾಗಿ ಬಂದರು. ಅಂದಿನಿಂದ ಎಲಿಯಟ್ ‘ಮಿಲಿಯನ್ ಡಾಲರ್ ಬಿಲ್’ ಆದರು.

ವಿಚಿತ್ರವೆಂದರೆ ಆ ವರ್ಷದ ಚಾಂಪಿಯನ್ ಅವರಲ್ಲ. 11 ಓಟ ಗೆದ್ದ ಎಲಿಯಟ್‌ರನ್ನು, ಕೇವಲ 3 ಗೆದ್ದು ಪ್ರತಿ ವಾರವೂ ತಪ್ಪದೆ ಅಂಕ ಕೂಡಿಹಾಕಿದ ವಾಲ್ಟ್ರಿಪ್ ಹಿಂದಿಕ್ಕಿದರು. ಸರಣಿಯ ಅಂಕಪಟ್ಟಿ ಸ್ಥಿರತೆಯನ್ನು ಅಳೆಯುತ್ತಿತ್ತು, ಪ್ರಾಯೋಜಕನ ಬಹುಮಾನ ಗೆಲುವನ್ನು ಮಾತ್ರ ಅಳೆಯುತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ಮತ ಸಿಗರೇಟ್ ಕಂಪನಿಯ ಕಡೆಗೆ ಬೀಳುತ್ತದೆ ಎನ್ನಲು ಸ್ವಲ್ಪ ಮುಜುಗರವೇ.

ಆಮೇಲೆ ಹನ್ನೊಂದು ವರ್ಷ ಯಾರಿಗೂ ಆ ಹಣ ದಕ್ಕಲಿಲ್ಲ. 1989ರಲ್ಲಿ ಡೇಟೋನಾ, ಶಾರ್ಲಟ್ ಎರಡನ್ನೂ ಗೆದ್ದುಕೊಂಡು ಡಾರ್ಲಿಂಗ್‌ಟನ್‌ಗೆ ಬಂದ ಇದೇ ವಾಲ್ಟ್ರಿಪ್ ಗೋಡೆಗೆ ಬಡಿದು ಹಿಂದುಳಿದರು. 1990ರ ಡೇಟೋನಾದಲ್ಲಿ 200 ಸುತ್ತುಗಳಲ್ಲಿ 155 ಸುತ್ತು ಮುಂದಿದ್ದ ಡೇಲ್ ಅರ್ನ್‌ಹಾರ್ಟ್, ಕೊನೆಯ ಸುತ್ತಿನ ಮೂರನೇ ತಿರುವಿನಲ್ಲಿ ಟ್ರ್ಯಾಕಿನ ಮೇಲೆ ಬಿದ್ದಿದ್ದ ಲೋಹದ ತುಂಡಿನಿಂದ ಟೈರು ಹರಿದು, ಡೆರಿಕ್ ಕೋಪ್ ಎಂಬ ಹೆಚ್ಚು ಹೆಸರಿಲ್ಲದ ಚಾಲಕನಿಗೆ ಗೆಲುವು ಬಿಟ್ಟುಕೊಟ್ಟರು. ಅದೇ ವರ್ಷ ಟ್ಯಾಲಡೀಗಾವನ್ನೂ ಡಾರ್ಲಿಂಗ್‌ಟನ್ನನ್ನೂ ಅರ್ನ್‌ಹಾರ್ಟ್ ಗೆದ್ದರು. ಲೆಕ್ಕ ಹಾಕಿದರೆ ಆ ಲೋಹದ ತುಂಡಿನ ಬೆಲೆ 9 ಲಕ್ಷ ಡಾಲರ್. 1992ರಲ್ಲಿ ಎರಡು ಗೆದ್ದಿದ್ದ ಡೇವಿ ಆಲಿಸನ್‌ಗೆ ಡಾರ್ಲಿಂಗ್‌ಟನ್‌ನಲ್ಲಿ ಮಳೆ ಅಡ್ಡ ಬಂತು. ಓಟ ನಡುವೆಯೇ ನಿಂತಾಗ ಮುಂದಿದ್ದವರು, ಮತ್ತೆ, ವಾಲ್ಟ್ರಿಪ್. ಅದು ಅವರ ಕೊನೆಯ ಗೆಲುವು. ಆಲಿಸನ್ ಮರುವರ್ಷ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು.

ಎರಡನೆಯ ಮತ್ತು ಕೊನೆಯ ಸಲ ಹಣ ಸಂದದ್ದು 1997ರಲ್ಲಿ, 26ರ ಹರೆಯದ ಜೆಫ್ ಗಾರ್ಡನ್‌ಗೆ. ಅವರು ಆ ವರ್ಷದ ಚಾಂಪಿಯನ್ ಕೂಡ. ಮರುವರ್ಷ ಕಂಪನಿ ನಿಯಮ ಬದಲಿಸಿ, ಗೊತ್ತಾದ ಐದು ಓಟಗಳಲ್ಲಿ ಹಿಂದಿನದರ ಮೊದಲ ಐದು ಸ್ಥಾನದವರು ಮುಂದಿನದನ್ನು ಗೆದ್ದರೆ 10 ಲಕ್ಷ ಎಂದಿತು. ಹಣ ಮತ್ತೆ ಮತ್ತೆ ಕೈ ಬದಲಾಯಿಸಿತು, ಬೆರಗು ಕರಗಿತು. ಭಾಗವಹಿಸಿದ ಮಕ್ಕಳಿಗೆಲ್ಲ ಪದಕ ಹಂಚುವ ನಮ್ಮ ಪ್ರಬಂಧ ಸ್ಪರ್ಧೆಯ ತೀರ್ಪುಗಾರರು ಇದನ್ನು ಒಪ್ಪಲಾರರೆಂದು ಬಲ್ಲೆ.

ಹೋದ ಬೇಸಿಗೆಯಲ್ಲಿ ಪಿರಿಯಾಪಟ್ಟಣದಿಂದ ಬಂದಿದ್ದ ಅಪ್ಪನನ್ನು ಶಾರ್ಲಟ್‌ನ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಕರೆದೊಯ್ದಿದ್ದೆ. ಟ್ಯಾಲಡೀಗಾದಂತೆ 33 ಡಿಗ್ರಿ ವಾಲಿಸಿ ಕಾರು ನಿಲ್ಲಿಸಿರುವಲ್ಲಿ ಕಂಬಿ ಹಿಡಿದು ನಿಂತು, “ಇದೇನಪ್ಪ, ರಸ್ತೆಯೋ ಮನೆ ಸೂರೋ?” ಎಂದರು. ವಿನ್‌ಸ್ಟನ್ ಎಂದರೆ ಏನೆಂದು ಕೇಳಿದರು, ಹೇಳಿದೆ. ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಬೆಳೆಯುವುದೂ ವರ್ಜೀನಿಯಾ ತಂಬಾಕೇ. ರಾತ್ರಿಯೆಲ್ಲ ತಂಬಾಕು ಹದಗೊಳಿಸುವ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತ, ಶಾಖ ಒಂದಿಷ್ಟು ಹೆಚ್ಚಿದರೂ ಸೊಪ್ಪು ಕಪ್ಪಾದೀತೆಂದು ಥರ್ಮಾಮೀಟರ್ ನೋಡುತ್ತ ಕೂತವರು ಅವರು. ನಾಲ್ಕರಲ್ಲಿ ಮೂರು ಗೆದ್ದರೆ 10 ಲಕ್ಷ, ಎರಡಕ್ಕೇ ನಿಂತರೆ 1 ಲಕ್ಷ ಎಂಬ ನಿಯಮ ಕೇಳಿ ಅವರಿಗೆ ಕೊಂಚವೂ ಆಶ್ಚರ್ಯವಾಗಲಿಲ್ಲ. “ಹರಾಜಿನಲ್ಲೂ ಹಂಗೇ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಗ್ರೇಡು ಇಳೀತು” ಎಂದರು.

ಸದರ್ನ್ 500 ಓಟದ ಹೆಸರಿನ ಮುಂದೆ ಈಗ ಇರುವುದು ಕುಕ್ ಔಟ್, ನಮ್ಮ ಮಕ್ಕಳು ಮಿಲ್ಕ್‌ಶೇಕಿಗೆ ಮುಗಿಬೀಳುವ ಅದೇ ಅಂಗಡಿ. ಅಂದು ಮನೆಗೆ ಮರಳುವಾಗ ಅಪ್ಪನಿಗೂ ಅಲ್ಲಿ ಒಂದು ಕೊಡಿಸಿದೆ. ಸಕ್ಕರೆ ಜಾಸ್ತಿಯಾಯಿತು ಎನ್ನುತ್ತಲೇ ಪೂರ್ತಿ ಕುಡಿದರು.

– ಸಂಪಾದಕ