ಹಳೇ ನೇಗಿಲು ನೋಡಲು ಹೊರಟ ಮಗಳಿಗೆ

ಚಿ. ವೀಣಾಳಿಗೆ ಅಪ್ಪನ ಆಶೀರ್ವಾದ.

ಭಾನುವಾರ ಬೀರೂರಿಗೆ ಮಾರಾಟಕ್ಕಿರುವ ಹಳೇ ನೇಗಿಲು ನೋಡಲು ಹೋಗುತ್ತೀಯಂತೆ, ನಿನ್ನ ಅವ್ವ ಹೇಳಿದಳು. ನೀನೇ ಹೇಳಬಹುದಿತ್ತು. ಮೊನ್ನೆ ಫೋನಿನಲ್ಲಿ ಆಡಿದ ಮಾತು ಅಲ್ಲಿಗೇ ಇರಲಿ. ದನಿ ಏರಿಸಬಾರದಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಈ ವರ್ಷಕ್ಕೆ ಬಾಡಿಗೆ ಟ್ರ್ಯಾಕ್ಟರ್ ಗಾಡಿಯಲ್ಲೇ ಉಳುಮೆ ಮಾಡಿಸು ಅಂದೆನಲ್ಲ, ಆ ಮಾತು ಈಗಲೂ ಹಾಗೇ ಇದೆ. ಈ ಮಂಡಿ ಇಟ್ಟುಕೊಂಡು ನಾನು ಜೊತೆಗೆ ಬರಲಾರೆ. ಅದಕ್ಕೇ ಕಾಗದ.

ನೀನು ಕಲ್ಟಿವೇಟರ್ ಬಿಟ್ಟು ಎಂ.ಬಿ. ನೇಗಿಲು, ಅಂದರೆ ಮಣ್ಣು ಮಗುಚುವ ರೆಕ್ಕೆಯ ನೇಗಿಲು, ಹುಡುಕುತ್ತಿರುವುದು ಸರಿಯಾಗಿದೆ. ವರ್ಷಗಟ್ಟಲೆ ಒಂಬತ್ತು ಗುಳದ ಕಲ್ಟಿವೇಟರ್ ಒಂದನ್ನೇ ಎಳೆದರೆ ಮೇಲಿನ ಮಣ್ಣು ಕೆದರುತ್ತದೆ, ಅಡಿಯ ಪದರ ಗಟ್ಟಿಯಾಗಿ ನಿಲ್ಲುತ್ತದೆ. ಆಲೂಗಡ್ಡೆಗೆ 20ರಿಂದ 25 ಸೆಂ.ಮೀ. ಸಡಿಲ ಮಣ್ಣು ಬೇಕು. ನಿನಗೆ ಇದು ಹೊಳೆದದ್ದು ನನಗೆ ಹೆಮ್ಮೆಯೇ, ಅವ್ವನ ಹತ್ತಿರವೂ ಹೇಳಿದೆ. ಅರಸೀಕೆರೆ ಕಡೆಯ ಕಲ್ಲು ಹೊಲವಾಗಿದ್ದರೆ ತಿರುಗುವ ತಟ್ಟೆಯ ಡಿಸ್ಕ್ ನೇಗಿಲು ತಗೋ ಅನ್ನುತ್ತಿದ್ದೆ, ಕಲ್ಲಿನ ಮೇಲೆ ಅದು ಉರುಳಿಕೊಂಡು ಹೋಗುತ್ತದೆ. ನಮ್ಮ ಕೆಂಪು ಮಣ್ಣಿಗೆ ಬೇಡ. ಗಾಡಿ 35 ಎಚ್.ಪಿ., ಆದ್ದರಿಂದ ಎರಡು ಗುಳದ್ದು ಸಾಕು. ಮೂರರದ್ದು ಅಗ್ಗಕ್ಕೆ ಕೊಡುತ್ತೇನೆ ಅಂದರೂ ಆಸೆ ಬೀಳಬೇಡ.

ಅಲ್ಲಿ ಮೊದಲು ಫ್ರೇಮ್ ನೋಡು. ಗುಳ, ಲ್ಯಾಂಡ್‌ಸೈಡ್ ಪಟ್ಟಿ (ಉಳುವಾಗ ಸಾಲಿನ ಗೋಡೆಗೆ ಒತ್ತಿಕೊಂಡು ಹೋಗುವುದು), ಬೋಲ್ಟು ಎಲ್ಲ ಸವೆಯುವ ಸಾಮಾನು, ಅಂಗಡಿಯಲ್ಲಿ ಸಿಗುತ್ತದೆ. ಬಾಗಿದ ಫ್ರೇಮಿಗೆ ಮದ್ದಿಲ್ಲ. ಟೇಪು, ಒಂದು ಮೀಟರಿನ ನೇರ ಪಟ್ಟಿ, ನೂಲು, ಸಣ್ಣ ಸುತ್ತಿಗೆ, ವೈರ್ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಸೀಮೆಸುಣ್ಣ, ಇಷ್ಟು ಚೀಲಕ್ಕೆ ಹಾಕಿಕೋ. ನೇಗಿಲನ್ನು ಸಿಮೆಂಟ್ ನೆಲದ ಮೇಲೆ ಇಳಿಸಿ ಫ್ರೇಮನ್ನು ಮಟ್ಟ ಮಾಡಿಸು. ಫ್ರೇಮಿನ ಅಡಿಯಿಂದ ಒಂದೊಂದು ಗುಳದ ತುದಿಗೂ ಅಳತೆ ತಗೋ. ಎರಡಕ್ಕೂ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗುಳ ಹೊತ್ತಿರುವ ಯಾವುದೋ ಕಾಲು ಬಾಗಿದೆ, ಇಲ್ಲವೇ ಒಂದು ಗುಳ ಮಾತ್ರ ತೀರಾ ಸವೆದಿದೆ. ಯಾವುದು ಅಂತ ತಿಳಿಯಲು ಗುಳದ ತುದಿಯಿಂದ ತುದಿಗೆ, ಲ್ಯಾಂಡ್‌ಸೈಡಿನ ಹಿಮ್ಮಡಿಯಿಂದ (ಹಿಂತುದಿಯಿಂದ) ಹಿಮ್ಮಡಿಗೆ ಅಡ್ಡಗಲ ಅಳೆ. ಎರಡೂ ಒಂದೇ ಬಂದರೆ ಕಾಲುಗಳು ಸಮಾನಾಂತರವಾಗಿವೆ. ಮುಂದೆ ಒಂದು, ಹಿಂದೆ ಇನ್ನೊಂದು ಬಂದರೆ ಆ ನೇಗಿಲು ಬಂಡೆಗೋ ಬೇರಿಗೋ ಹೊಡೆದುಕೊಂಡಿದೆ. ಬಿಟ್ಟು ಬಾ.

ಹೊಸದಾಗಿ ಬಣ್ಣ ಬಳಿದಿದ್ದರೆ ಅನುಮಾನ ಹೆಚ್ಚಿರಲಿ. ಬಿರುಕಿಗೆ ಲಪ್ಪ ಮೆತ್ತಿ ಮೇಲೆ ನೀಲಿಯೋ ಕೆಂಪೋ ಹೊಡೆದರೆ ಕಣ್ಣಿಗೆ ಏನೂ ಕಾಣಿಸದು. ಕಾಲು ಫ್ರೇಮಿಗೆ ಸೇರುವ ಮೂಲೆ, ಗಾಡಿಯ ಮೇಲಿನ ಕೊಂಡಿ (ಟಾಪ್ ಲಿಂಕ್) ಸಿಕ್ಕಿಸುವ ಕಂಬದ ಬುಡ, ಈ ಎರಡು ಕಡೆ ಬ್ರಷ್ಷಿನಿಂದ ಉಜ್ಜಿ ಕಬ್ಬಿಣ ಕಾಣಿಸು. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ಉದುರಿಸು. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಗೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಮಾರುವವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಮೇಲೆ ಗುಳ ಕೂರುವ ಫ್ರಾಗ್. ಗುಳ ತೀರಾ ಸವೆದ ಮೇಲೂ ಉಳುತ್ತಾ ಹೋದರೆ ಮಣ್ಣು ಫ್ರಾಗನ್ನೇ ತಿನ್ನುತ್ತದೆ. ಆಗ ಹೊಸ ಗುಳ ತಂದರೂ ಕೂರುವ ಜಾಗವೇ ಇರುವುದಿಲ್ಲ, ಬೋಲ್ಟಿನ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಇಷ್ಟು ನೋಡಿ ಆದಮೇಲೆ ಬೆಲೆಯ ಮಾತು. ಹೊರಡುವ ಮುಂಚೆಯೇ ಹಾಸನದ ಅಂಗಡಿಯಲ್ಲಿ ಎರಡು ಗುಳ, ಎರಡು ಪಟ್ಟಿ, ಬೋಲ್ಟುಗಳ ದರ ಕೇಳಿ ಬರೆದಿಟ್ಟುಕೋ. ಅವನು ಹೇಳಿದ ಬೆಲೆಯಲ್ಲಿ ಅದನ್ನು ಕಳೆದು ಕೇಳು. ಗುಜರಿಯ ಕೆ.ಜಿ. ದರವೂ ಗೊತ್ತಿರಲಿ, ಅದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ.

ಈಗ ಮುಖ್ಯದ ಮಾತು. ನೇಗಿಲನ್ನು ಗಾಡಿಯ ಲಿಫ್ಟಿನಲ್ಲಿ ಎತ್ತಿ, ಕೆಳಗೆ ತಲೆ ಹಾಕಿ ಕೆಲಸ ಮಾಡಬೇಡ. ಮೇಲೆ ಎತ್ತಿ ನಿಂತದ್ದು ಗಟ್ಟಿಯಾಗಿ ನಿಂತಂತೆ ಕಾಣುತ್ತದೆ, ಅಲ್ಲೇ ಮೋಸ. ಅದನ್ನು ಹಿಡಿದಿರುವುದು ಒಂದಿಷ್ಟು ಎಣ್ಣೆ, ಒಂದು ರಬ್ಬರ್ ರಿಂಗು, ಒಂದು ವಾಲ್ವು. ರಿಂಗು ಸವೆದಿದ್ದರೆ ಮೆಲ್ಲಗೆ ಇಳಿಯುತ್ತದೆ, ಹೋಸು ಹರಿದರೆ ದಢಾರನೆ. ಇಂಜಿನ್ ಆರಿಸಿದ್ದೇನೆ, ಇನ್ನೇನು ಭಯ ಅನ್ನಬೇಡ. ಇಂಜಿನ್ ಆರಿದ ಮೇಲೂ ಯಾರೋ ಹುಡುಗ ಸೀಟು ಹತ್ತಿ ಸನ್ನೆ ಮುಟ್ಟಿದರೆ ನೇಗಿಲು ಬೀಳುತ್ತದೆ. ಮೊದಲು ನೆಲಕ್ಕಿಳಿಸು. ಎತ್ತರ ಬೇಕೇ ಬೇಕಾದರೆ ಫ್ರೇಮಿನ ನಾಲ್ಕೂ ಮೂಲೆಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಭಾರವೆಲ್ಲ ದಿಮ್ಮಿಯ ಮೇಲೆ ಕೂರುವಂತೆ ಇಳಿಸಿ, ಆಮೇಲೆ ಪಿನ್ನು ಕಳಚಿ ಗಾಡಿಯನ್ನು ಮುಂದಕ್ಕೆ ಒಯ್ದುಬಿಡು. ಸಿಮೆಂಟಿನ ಟೊಳ್ಳು ಇಟ್ಟಿಗೆ ಇಡಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಜಾಕ್ ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಗಾಡಿಗೆ ಕಟ್ಟುವಾಗಲೂ ಅಷ್ಟೇ: ನೀನು ರಿವರ್ಸ್ ತರುವಾಗ ಗಾಡಿಗೂ ನೇಗಿಲಿಗೂ ನಡುವೆ ಯಾರೂ ನಿಲ್ಲಕೂಡದು. ಗಾಡಿಯ ಲಿಂಕ್ ತೋಳಿನ ತುದಿಯ ತೂತಿನ ಗುಂಡು ನೇಗಿಲಿನ ಪಿನ್ನಿಗೆ ಕೂರದಿದ್ದರೆ ಬೆರಳು ಹಾಕಿ ತಳ್ಳಬೇಡ, ಸಬ್ಬಲಿನಿಂದ ಮೀಟು. ನಿನಗೆ ಇದೆಲ್ಲ ಗೊತ್ತು ಅನ್ನುತ್ತೀಯ. ಗೊತ್ತಿದ್ದವರೇ ಒಂದು ನಟ್ಟು ಬಿಗಿಯಲು ಅಂತ ಒಂದು ನಿಮಿಷ ಬಗ್ಗುವುದು.

ಬೋಲ್ಟು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ದಿನ ಸಂಜೆಯೇ ಎಣ್ಣೆ ಬಿಡು. ಜಗ್ಗದಿದ್ದರೆ ಗ್ಯಾಸ್ ಜ್ವಾಲೆಯಿಂದ ನಟ್ಟನ್ನು ಕಾಯಿಸು, ಬೋಲ್ಟನ್ನಲ್ಲ. ನಟ್ಟು ಹಿಗ್ಗಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಉಳಿಯಿಂದ ನಟ್ಟನ್ನು ಸೀಳು. ಹೊಸ ಬೋಲ್ಟು ಚೌಕ ಕತ್ತಿನದ್ದೇ ಬೇಕು, ತಲೆ ಗುಳದ ಮೈಗೆ ಸಮವಾಗಿ ಕೂರಬೇಕು. ಉಬ್ಬಿ ನಿಂತರೆ ಅಲ್ಲೇ ಮಣ್ಣು ಕಟ್ಟುತ್ತದೆ.

ಗುಳ ಕುಲುಮೆಗೆ ಕೊಡಬಹುದೋ ಇಲ್ಲವೋ ತಿಳಿಯಲು ಗ್ರೈಂಡರ್ ಮುಟ್ಟಿಸು. ಕಿಡಿ ಗಿಡ್ಡವಾಗಿ ಮಂಕು ಕೆಂಪಾಗಿ ಬಂದರೆ ಎರಕದ ಕಬ್ಬಿಣ. ಬಡಿದರೆ ಒಡೆಯುತ್ತದೆ, ಬದಲಾಯಿಸಬೇಕು ಅಷ್ಟೇ. ಕಿಡಿ ಉದ್ದವಾಗಿ ಬೆಳ್ಳಗೆ ಕವಲೊಡೆದರೆ ಉಕ್ಕು, ಕಾಯಿಸಿ ತುದಿ ಎಳೆಸಬಹುದು. ಆದರೆ ಕಾಯಿಸಿದ ಮೇಲೆ ಮತ್ತೆ ಹದ ಕೊಡದಿದ್ದರೆ ಬಲು ಬೇಗ ಸವೆಯುತ್ತದೆ. ನನ್ನನ್ನು ಕೇಳಿದರೆ ಹೊಸ ಗುಳವೇ ಹಾಕು.

ಹೊಸದು ಹಾಕಿದ ಮೇಲೆ ಒಂದು ಅಳತೆ ತಪ್ಪಿಸಬೇಡ. ಗುಳದ ತುದಿಯಿಂದ ಲ್ಯಾಂಡ್‌ಸೈಡಿನ ಹಿಮ್ಮಡಿಗೆ ಅಡಿಯಲ್ಲಿ ನೇರ ಪಟ್ಟಿ ಹಿಡಿ. ಗುಳ ಮತ್ತು ಲ್ಯಾಂಡ್‌ಸೈಡ್ ಸೇರುವ ಕಡೆ ಪಟ್ಟಿಗೂ ಕಬ್ಬಿಣಕ್ಕೂ ನಡುವೆ 3ರಿಂದ 5 ಮಿ.ಮೀ. ಸಂದು ಇರಬೇಕು. ಪಕ್ಕದಿಂದ ಹಿಡಿದರೆ ಸುಮಾರು 5 ಮಿ.ಮೀ. ಅಡಿಯ ಸಂದು ನೇಗಿಲನ್ನು ನೆಲಕ್ಕೆ ಇಳಿಸುತ್ತದೆ, ಪಕ್ಕದ್ದು ಸಾಲಿನ ಅಗಲ ಉಳಿಸುತ್ತದೆ. ಸಂದು ಸವೆದು ಹೋಗಿದ್ದರೆ ನೇಗಿಲು ಮೇಲೆಯೇ ತೇಲುತ್ತದೆ. ಜನ ಆಗ ಫ್ರೇಮಿನ ಮೇಲೆ ಸೈಜುಗಲ್ಲು ಹೇರುತ್ತಾರೆ, ಇನ್ನೂ ಕೆಲವರು ಆಳನ್ನೇ ಹತ್ತಿಸಿ ನಿಲ್ಲಿಸುತ್ತಾರೆ. ನಿನ್ನ ಹೊಲದಲ್ಲಿ ಅದನ್ನು ಕಂಡರೆ ನಾನು ಸುಮ್ಮನಿರುವುದಿಲ್ಲ.

ಅಂದಹಾಗೆ, ಗುಳ ಬಿಚ್ಚುವುದು ಅಡಿಯಿಂದ. ಎತ್ತಿಟ್ಟರೆ ಸುಲಭ ಅಂತ ಕೈ ಲಿಫ್ಟಿನ ಸನ್ನೆಗೆ ಹೋಗುತ್ತದೆ. ದಿಮ್ಮಿ, ವೀಣಾ. ಮೊದಲು ದಿಮ್ಮಿ.

ಮಣ್ಣು ಮಗುಚುವ ರೆಕ್ಕೆಯ ತುಕ್ಕನ್ನು ಗ್ರೈಂಡರಿಗೆ ಹಾಕುವ ಉಜ್ಜು ತಟ್ಟೆಯಿಂದ (ಫ್ಲಾಪ್ ಡಿಸ್ಕ್) ಹಗುರವಾಗಿ ತೆಗೆ. ಮಣ್ಣು ಜಾರುವ ದಿಕ್ಕಿಗೇ ಉಜ್ಜು. ಗುಳಿಯೆಲ್ಲ ಹೋಗಲೇಬೇಕು ಅಂತ ಆಳಕ್ಕೆ ತಿಕ್ಕಬೇಡ, ಕೆಲವು ರೆಕ್ಕೆಗಳಿಗೆ ಗಟ್ಟಿ ಉಕ್ಕು ಇರುವುದು ಮೇಲ್ಪದರಕ್ಕೆ ಮಾತ್ರ. ಬಣ್ಣವಂತೂ ಬೇಡವೇ ಬೇಡ. 1837ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಜಾನ್ ಡೀರ್ ಉಜ್ಜಿ ನುಣುಪು ಮಾಡಿದ ಉಕ್ಕಿನಿಂದ ನೇಗಿಲು ಮಾಡಿದ್ದು ಅಲ್ಲಿನ ಅಂಟು ಮಣ್ಣು ಎರಕದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು ಅಂತಲೇ. ಕಡೂರಿನ ಎರೆ ಭೂಮಿಗೂ ಅದೇ ನ್ಯಾಯ. ಕೆಲಸ ಮುಗಿದ ದಿನವೇ ತೊಳೆದು, ಒರೆಸಿ, ಗ್ರೀಸ್ ಬಳಿ.

ಬೆಸುಗೆ ಇದ್ದರೆ ನೇಗಿಲನ್ನು ಗಾಡಿಯಿಂದ ಕಳಚಿದ ಮೇಲೆ ಮಾಡಿಸು, ಇಲ್ಲದಿದ್ದರೆ ಆಲ್ಟರ್ನೇಟರ್ ಸುಡಬಹುದು. ಉಕ್ಕಿನ ಕಾಲಿಗೆ ಬಿರುಕನ್ನು ವಿ ಆಕಾರಕ್ಕೆ ಕೊರೆದು ಒಣಗಿದ 7018 ಬೆಸುಗೆ ರಾಡಿನಲ್ಲಿ ತುಂಬಿಸಲಿ. ಎರಕದ ಫ್ರಾಗಾದರೆ ನಿಕ್ಕಲ್ ರಾಡು, ಮೊದಲು ಕಾಯಿಸಿ, ಆಮೇಲೆ ಬೂದಿಯಲ್ಲೋ ಒಣ ಮರಳಲ್ಲೋ ಹೂತು ನಿಧಾನ ಆರಿಸಬೇಕು. ಶಿಯರ್ ಬೋಲ್ಟ್ ಇರುವ ನೇಗಿಲಾದರೆ ಅದು ಮುರಿಯಲೆಂದೇ ಇರುವುದು. ಪದೇ ಪದೇ ಮುರಿಯುತ್ತದೆ ಅಂತ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಬಾರಿ ಕಾಲು ಮುರಿಯುತ್ತದೆ.

ಹೊಲದಲ್ಲಿ ಮೊದಲ ಸಾಲು ಮಟ್ಟದಲ್ಲಿ ಹೊಡೆ. ಎರಡನೇ ಸಾಲಿಗೆ ಬಲಗಾಲಿ ಸಾಲಿಗಿಳಿದ ಮೇಲೆ ಬಲಗಡೆ ಲಿಂಕಿನ ಹಿಡಿ ತಿರುಗಿಸಿ ಫ್ರೇಮನ್ನು ಮತ್ತೆ ನೆಲಕ್ಕೆ ಸಮ ಮಾಡು. ನೇಗಿಲು ಇಳಿಯದಿದ್ದರೆ ಟಾಪ್ ಲಿಂಕ್ ಗಿಡ್ಡ ಮಾಡು, ಮೂತಿ ಕೆಳಗಾಗುತ್ತದೆ. ಹಿಮ್ಮಡಿ ಎದ್ದು ಮೂತಿ ಅಗೆಯತೊಡಗಿದರೆ ಉದ್ದ ಮಾಡು. ಅರ್ಧ ಗಂಟೆ ಉತ್ತ ಮೇಲೆ ನಿಲ್ಲಿಸಿ, ನೇಗಿಲು ನೆಲಕ್ಕಿಳಿಸಿ, ಎಲ್ಲ ಬೋಲ್ಟು ಇನ್ನೊಮ್ಮೆ ಬಿಗಿ. ಹೂತ ಗಾಡಿಯನ್ನೋ ಕೊರಡನ್ನೋ ಎಳೆಯಲು ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಬೇಡ. ಎಳೆತ ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಗಾಡಿಯ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ, ಹಾರಿಕೊಳ್ಳಲು ಸಮಯ ಸಿಗುವುದಿಲ್ಲ.

ಬುದ್ಧಿ ಹೇಳಬಾರದು ಅಂತಲೇ ಕೂತೆ, ಎಷ್ಟು ಹಾಳೆ ಆಯಿತು ನೋಡು. ಭರಣಿ ಮಳೆ ಬೀಳುವ ಮುಂಚೆ ಕೆಲಸ ಮುಗಿಸಬೇಕು ಅಂತ ಅವಸರ ಮಾಡಬೇಡ. ನೇಗಿಲು ಸರಿಹೋಗದಿದ್ದರೆ ಈ ಸಲಕ್ಕೆ ಬಾಡಿಗೆ ಗಾಡಿ ಇದ್ದೇ ಇದೆ. ಸರಿ, ಅದನ್ನು ಮತ್ತೆ ಎತ್ತುವುದಿಲ್ಲ.

ಇಂತಿ,
ನಿನ್ನ ಅಪ್ಪ

ತಾ.ಕ.: ಪಿನ್ನಿನ ದಪ್ಪ ನೋಡುವುದು ಬರೆಯಲು ಮರೆತೆ. ನಮ್ಮ ಗಾಡಿಯ ಕೆಳ ಲಿಂಕಿನ ತೂತು 22 ಮಿ.ಮೀ. ಪಿನ್ನಿನದು, ಟಾಪ್ ಲಿಂಕಿಗೆ 19. ದೊಡ್ಡ ಗಾಡಿಯ ನೇಗಿಲಾದರೆ 28 ಮತ್ತು 25 ಇರುತ್ತದೆ, ನಮ್ಮ ಗುಂಡಿಗೆ ಹೋಗುವುದೇ ಇಲ್ಲ, ಪಿನ್ನು ಬದಲಾಯಿಸಬೇಕು. ಆ ಖರ್ಚನ್ನೂ ಬೆಲೆಯಲ್ಲಿ ಕಳೆ.