ದೇವರ ಪರವಾಗಿ ಉತ್ತರ ಕೊಡುವುದನ್ನು ನಿಲ್ಲಿಸೋಣ

ಮಾನ್ಯ ಸಂಪಾದಕರೇ,

ಏನೂ ತಪ್ಪು ಮಾಡದವರನ್ನು ತುಳಿಯುವಾಗ ದೇವರು ಯಾಕೆ ಸುಮ್ಮನಿರುತ್ತಾನೆ? ಈ ಪ್ರಶ್ನೆಗೆ ಉತ್ತರ ಗೊತ್ತಿದೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ.

ನನಗೆ ಪರಿಚಯದ ಒಬ್ಬ ಹೆಂಗಸು ಮನೆಗೆಲಸ ಮಾಡುತ್ತಾಳೆ. ಕೆಲಸದ ಮನೆಯಲ್ಲಿ ಸರ ಕಾಣೆಯಾಯಿತು ಅಂತ ಅವಳನ್ನು ಹಿಡಿದುಕೊಂಡು ಹೋಗಿ, ಇಡೀ ದಿನ ಕೂರಿಸಿ, ಹೊಡೆದು ಕಳಿಸಿದರು. ನಾಲ್ಕು ದಿನ ಕಳೆದ ಮೇಲೆ ಸರ ಅದೇ ಮನೆಯ ಬೀರುವಿನಲ್ಲಿ ಸಿಕ್ಕಿತು. ತಪ್ಪಾಯಿತು ಅಂತ ಒಬ್ಬರೂ ಹೇಳಲಿಲ್ಲ. ನಾನು ಅವಳ ಪಕ್ಕ ಕೂತು, ‘ದೇವರು ಎಲ್ಲ ನೋಡ್ತಿರ್ತಾನೆ, ಬಿಡು’ ಅಂದೆ. ‘ನೋಡ್ತಾ ಇದ್ರೆ ಸಾಕಾ ಅಕ್ಕಾ?’ ಅಂದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನು ದೇವರನ್ನು ನಂಬುವವಳು. ಆದರೆ ಅವತ್ತು ನಾನು ಸಮಾಧಾನ ಹೇಳಿದ್ದು ಅವಳಿಗಲ್ಲ, ನನಗೇ.

ಭೂಕಂಪ, ಪ್ರವಾಹದ ಮಾತು ಬೇರೆ. 1755ರ ನವೆಂಬರ್ 1ರಂದು ಸರ್ವ ಸಂತರ ಹಬ್ಬಕ್ಕೆ ಚರ್ಚುಗಳಲ್ಲಿ ಜನ ತುಂಬಿದ್ದಾಗಲೇ ಪೋರ್ಚುಗಲಿನ ಲಿಸ್ಬನ್ ನಗರ ಭೂಕಂಪಕ್ಕೆ ನಡುಗಿ ಬಿತ್ತು, ಯೂರೋಪಿನ ಪಂಡಿತರೆಲ್ಲ ವರ್ಷಗಟ್ಟಲೆ ದೇವರ ನ್ಯಾಯದ ಬಗ್ಗೆ ವಾದ ಮಾಡಿದರು. ಅಲ್ಲಿ ಹಿಡಿದು ಕೇಳಲು ಯಾರೂ ಇರಲಿಲ್ಲ. ದಬ್ಬಾಳಿಕೆಯಲ್ಲಿ ಹೊಡೆಯುವ ಕೈ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಅದು ಜಾಸ್ತಿ ಸುಡುತ್ತದೆ.

ನಮ್ಮ ಹತ್ತಿರ ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಹಿಂದಿನ ಜನ್ಮದ ಕರ್ಮ ಅನ್ನುತ್ತೇವೆ, ದೇವರ ಪರೀಕ್ಷೆ ಅನ್ನುತ್ತೇವೆ. ಹೊಡೆಸಿಕೊಂಡವನೇ ಎಲ್ಲೋ ತಪ್ಪು ಮಾಡಿರಬೇಕು ಅಂತ ಹೇಳಿದ ಹಾಗಾಯಿತು, ಹೊಡೆದವನು ಆರಾಮವಾಗಿ ಮನೆಗೆ ಹೋದ. ಇನ್ನು ಕೆಲವರು ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಅದನ್ನು ಕಿತ್ತುಕೊಳ್ಳುವುದಿಲ್ಲ ಅನ್ನುತ್ತಾರೆ. ಇದರಲ್ಲಿ ಸ್ವಲ್ಪ ನಿಜ ಇದೆ ಅಂತ ನನಗೂ ಅನಿಸುತ್ತದೆ. ಆದರೆ ಒಬ್ಬನ ಸ್ವಾತಂತ್ರ್ಯಕ್ಕೆ ಇನ್ನೊಬ್ಬಳು ಮೈಯಲ್ಲಿ ಬಾಸುಂಡೆ ಹೊತ್ತು ಬೆಲೆ ತೆರಬೇಕಾ?

ಬೈಬಲಿನ ಯೋಬನ ಕಥೆಯನ್ನು ಆಮೇಲೆ ಮತ್ತೆ ಓದಿದೆ. ಏನೂ ತಪ್ಪು ಮಾಡದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ಅವನು. ತಾಳ್ಮೆಗೆ ಹೆಸರಾದವನು ಯೋಬ ಅಂತ ಕೇಳಿದ್ದೆ, ಓದಿದರೆ ಅವನು ಪುಟಗಟ್ಟಲೆ ಜಗಳ ಆಡುತ್ತಾನೆ. ಬರೀ ತನ್ನ ನೋವಿನ ಬಗ್ಗೆ ಅಲ್ಲ. ಗಡಿಕಲ್ಲು ಸರಿಸಿ ಹೊಲ ನುಂಗುವವರು, ವಿಧವೆಯ ಎತ್ತನ್ನು ಒತ್ತೆಗೆ ಎಳೆದುಕೊಂಡು ಹೋಗುವವರು ಚೆನ್ನಾಗಿಯೇ ಇದ್ದಾರಲ್ಲ, ಗಾಯಗೊಂಡವರ ಕೂಗು ನಿನಗೆ ಕೇಳಿಸುತ್ತಿಲ್ಲವಾ ಅಂತ ದೇವರನ್ನೇ ಕೇಳುತ್ತಾನೆ. ಅವನ ಮೂವರು ಗೆಳೆಯರು ಬಂದು ಮೊದಲು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಸರಿ ಇತ್ತು. ಆಮೇಲೆ ಬಾಯಿ ಬಿಟ್ಟು, ದೇವರು ಅನ್ಯಾಯ ಮಾಡುವವನಲ್ಲ, ನೀನೇ ಏನೋ ಪಾಪ ಮಾಡಿದ್ದೀಯ ಅನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಯಾರ ಮೇಲೆ ಗೊತ್ತಾ? ತನ್ನ ಪರ ವಾದ ಮಾಡಿದ ಆ ಗೆಳೆಯರ ಮೇಲೆ! ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ಹಾಗಂತ ಯಾಕೆ ಸುಮ್ಮನಿದ್ದೆ ಅನ್ನುವುದಕ್ಕೆ ಅಲ್ಲೂ ಉತ್ತರ ಕೊಡುವುದಿಲ್ಲ.

ಮಹಾಭಾರತದ ಸಭೆಯನ್ನೇ ನೋಡಿ. ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ ದ್ರೌಪದಿ ಕೇಳಿದಳು. ಧರ್ಮ ಬಹಳ ಸೂಕ್ಷ್ಮ ಅಂದರು ಭೀಷ್ಮರು. ಕೌರವರಲ್ಲಿ ಎದ್ದು ಅವಳ ಪರ ಮಾತಾಡಿದವನು ವಿಕರ್ಣ ಒಬ್ಬನೇ. ನಾವು ಮುಗಿಯದ ಸೀರೆಯನ್ನು ನೆನಪಿಟ್ಟುಕೊಂಡಿದ್ದೇವೆ, ಅವಳ ಪ್ರಶ್ನೆಯನ್ನು ಮರೆತಿದ್ದೇವೆ.

ಕಥೆ ಬಿಡಿ, ನಡೆದದ್ದು ಹೇಳುತ್ತೇನೆ. 1994ರಲ್ಲಿ ಆಫ್ರಿಕಾದ ರುವಾಂಡಾ ದೇಶದಲ್ಲಿ ಸುಮಾರು 100 ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ದೇವರ ಮನೆ ಕಾಪಾಡುತ್ತದೆ ಅಂತ ಚರ್ಚುಗಳೊಳಗೆ ಓಡಿ ಹೋದವರನ್ನು ಅಲ್ಲೇ ಕೊಂದರು. ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಶಾಂತಿಪಾಲಕರಿದ್ದರು. ಅವರ ಸೇನಾಧಿಕಾರಿ ಜನವರಿಯಲ್ಲೇ ಎಚ್ಚರಿಕೆ ಕಳಿಸಿದ್ದರು. ಹತ್ಯೆ ನಡೆಯುತ್ತಿದ್ದಾಗಲೇ, ಏಪ್ರಿಲ್ 21ರಂದು, ಆ ಪಡೆಯನ್ನು 270ಕ್ಕೆ ಇಳಿಸಲು ಭದ್ರತಾ ಮಂಡಳಿ ತೀರ್ಮಾನ ಮಾಡಿತು. ಸುಮ್ಮನಿದ್ದವರಲ್ಲಿ ಮನುಷ್ಯರೂ ಇದ್ದರು. ಹಾಗಂತ ಇದರಿಂದ ದೇವರ ಮೇಲಿನ ಪ್ರಶ್ನೆ ಕಳಚಿ ಬಿತ್ತು ಅಂತ ನಾನು ಹೇಳುತ್ತಿಲ್ಲ. ಚರ್ಚಿನೊಳಗೆ ಮಗುವನ್ನು ತಬ್ಬಿಕೊಂಡು ಪ್ರಾರ್ಥಿಸಿದ ತಾಯಿಗೆ ಆ ಪ್ರಶ್ನೆ ಕೇಳುವ ಪೂರ್ತಿ ಹಕ್ಕಿದೆ. ದೂರದಲ್ಲಿ ಕೂತ ನಮಗೆ ಅವಳ ಪರವಾಗಿ ದೇವರಿಗೆ ಕ್ಷಮೆ ಕೊಡುವ ಹಕ್ಕೂ ಇಲ್ಲ, ದೇವರೇ ಇಲ್ಲ ಅಂತ ಅವಳ ಬಾಯಿ ಮುಚ್ಚಿಸುವ ಹಕ್ಕೂ ಇಲ್ಲ.

ಅದಕ್ಕೇ ನಿಮ್ಮ ಓದುಗರನ್ನು, ಅದರಲ್ಲೂ ಪ್ರವಚನ ಮಾಡುವವರನ್ನು ಕೇಳಿಕೊಳ್ಳುತ್ತೇನೆ. ನೊಂದವರು ‘ದೇವರು ಎಲ್ಲಿದ್ದಾನೆ’ ಅಂದಾಗ ತಕ್ಷಣ ಉತ್ತರ ಕೊಡಬೇಡಿ. ಅದು ಅಪನಂಬಿಕೆ ಅಂತ ಗದರಬೇಡಿ. ನಂಬಿಕೆ ಇರುವುದಕ್ಕೇ ಅಲ್ವಾ ಅವರು ಇನ್ನೂ ಅವನನ್ನು ಕೇಳುತ್ತಿರುವುದು?

ಆ ಹೆಂಗಸು ಈಗಲೂ ದಿನಾ ಸಂಜೆ ದೀಪ ಹಚ್ಚುತ್ತಾಳೆ. ಹಚ್ಚಿ, ಕೈ ಮುಗಿದು, ಚೆನ್ನಾಗಿ ಬೈಯುತ್ತಾಳಂತೆ. ಮೊದಲಾಗಿದ್ದರೆ ಹಾಗೆಲ್ಲ ಅನ್ನಬಾರದು ಅಂತ ಬುದ್ಧಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಹೋದಾಗ ಸುಮ್ನೆ ಪಕ್ಕದಲ್ಲಿ ಕೂರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲಿ ಒಬ್ಬಳು