ನೇತ್ರಾಣಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಒಬ್ಬನೇ ಮುರುಡೇಶ್ವರಕ್ಕೆ ಹೊರಟಿದ್ದೀಯ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವ್ ಮಾಡಬೇಕು, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದಡಿಗೆ ಇಳಿಯಬೇಕು ಅಂತಿದ್ದೀಯ. ತುಂಬ ಖುಷಿಯಾಯಿತು. ನೀನು ಯಾವ ದಿನ ಏನು ಮಾಡುತ್ತೀ ಎನ್ನುವುದು ಮುಖ್ಯ, ಅದಕ್ಕೇ ಈ ಪತ್ರ.

ರಾತ್ರಿ ರೈಲಲ್ಲಿ ಬಂದು, ಬೆಳಿಗ್ಗೆ ಇಳಿದು, ನೇರ ದೋಣಿ ಹತ್ತುವ ಯೋಚನೆ ಬಿಡು. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದೂವರೆ ಗಂಟೆ. ನಿದ್ದೆಗೆಟ್ಟ ಮೈಗೆ ಸಮುದ್ರದ ಕುಲುಕಾಟ ತಡೆಯುವುದಿಲ್ಲ. ಒಂದು ರಾತ್ರಿ ಊರಲ್ಲೇ ಮಲಗು. ಇದು ದೇವಸ್ಥಾನದ ಊರು, ಗೋಕರ್ಣದ ಹಾಗೆ ಹಾಸ್ಟೆಲ್ಲುಗಳ ಊರಲ್ಲ, ಲಾಡ್ಜ್ ಹುಡುಕಬೇಕು. ಬೆಳಿಗ್ಗೆ ಎರಡು ಇಡ್ಲಿ ಸಾಕು, ಎಣ್ಣೆಯ ಬನ್ಸ್ ವಾಪಸು ಬಂದ ಮೇಲೆ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ತೆಗೆದುಕೊ, ದೋಣಿ ಹೊರಡುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ದೋಣಿಯ ಹಿಂಭಾಗದಲ್ಲಿ ಕೂತು ದಿಗಂತ ನೋಡು, ಮೊಬೈಲ್ ಬೇಡ.

ಈಗ ಕಿವಿಯ ವಿಷಯ. ಮೊದಲ ಸಲ ಇಳಿಯುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಮೇಲ್ಮೈಯಿಂದ ಬರೀ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು ಆಗುತ್ತದೆ, ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ, ಆದರೆ ಹತ್ತಾರು ಪಟ್ಟು ಬೇಗ. ಮೂಗು ಹಿಡಿದು, ಬಾಯಿ ಮುಚ್ಚಿದಂತೆಯೇ ಇಟ್ಟು, ಮೆತ್ತಗೆ ಊದು. ನೋವು ಬರುವ ಮೊದಲೇ, ಅರ್ಧ ಮೀಟರಿಗೊಮ್ಮೆ. ನೋವು ಶುರುವಾಯಿತೆಂದರೆ ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ನಾಳ ಆಗಲೇ ಮುಚ್ಚಿಕೊಂಡಿದೆ, ಜೋರಾಗಿ ಊದಿದರೆ ಕಿವಿಗೆ ಪೆಟ್ಟು. ಇನ್‌ಸ್ಟ್ರಕ್ಟರಿಗೆ ಅಂಗೈ ಅಲ್ಲಾಡಿಸಿ ಕಿವಿ ತೋರಿಸು, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸು. ನೆಗಡಿ ಇದ್ದರೆ ಡೈವೇ ಬೇಡ. ಮಾತ್ರೆ ನುಂಗಿ ಇಳಿದರೆ, ಅದರ ಶಕ್ತಿ ನೀರಡಿಯಲ್ಲೇ ಇಳಿದುಹೋಗಿ, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ದಾರಿ ಸಿಗದೆ ಹೋಗಬಹುದು. ಆಸ್ತಮಾ, ಕಿವಿ ಆಪರೇಷನ್ ಏನಾದರೂ ಇದ್ದರೆ ಡೈವಿಗೆ ಮೊದಲು ತುಂಬಿಸಿಕೊಳ್ಳುವ ಆರೋಗ್ಯದ ಫಾರ್ಮಿನಲ್ಲಿ ಮುಚ್ಚಿಡಬೇಡ.

ಉಸಿರು ಮಾತ್ರ ಯಾವತ್ತೂ ಹಿಡಿಯಬೇಡ. ಅದೇ ಮೊದಲ ನಿಯಮ.

ನಿನ್ನ ಮೀಸೆ ನೆನಪಾಯಿತು. ಮಾಸ್ಕಿನ ಸಿಲಿಕಾನ್ ಅಂಚು ಚರ್ಮಕ್ಕೆ ಅಂಟಬೇಕು, ನಡುವೆ ಕೂದಲು ಬಂದರೆ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಒಂದು ಸಣ್ಣ ಪಟ್ಟಿಯಷ್ಟು ಬೋಳಿಸಿಕೊ. ಆದರೂ ನೀರು ಬಂದರೆ ಗಾಬರಿ ಬೇಡ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉಸಿರು ಬಿಡು. ನೀರು ಕೆಳಗಿನಿಂದ ಹೊರಹೋಗುತ್ತದೆ. ಇನ್ನೊಂದು, ನೀರಡಿಯಲ್ಲಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಅಂತಲ್ಲ, 'ಮೇಲೆ ಹೋಗೋಣ' ಅಂತ. ಖುಷಿಗೆ ಹೆಬ್ಬೆರಳು ತೋರಿಸಿದವರ ಡೈವ್ ಅಲ್ಲಿಗೇ ಮುಗಿಯಬಹುದು. ಎಲ್ಲ ಸರಿಯಿದ್ದರೆ ತೋರುಬೆರಳು, ಹೆಬ್ಬೆರಳು ಸೇರಿಸಿ ಸೊನ್ನೆ ಮಾಡು.

ದೋಣಿಯಲ್ಲಿ ಜೊತೆಗಾರರು ಸಿಕ್ಕೇ ಸಿಗುತ್ತಾರೆ. ಬೆಂಗಳೂರಿನ ಆಫೀಸು ಗುಂಪು, ಗೋಕರ್ಣದ ಹಾಸ್ಟೆಲ್ಲಿನಿಂದ ನಸುಕಿನಲ್ಲೇ ಟ್ಯಾಕ್ಸಿ ಹಿಡಿದು ಬಂದವರು, ನಿನ್ನ ಹಾಗೆ ಒಂಟಿ ಬಂದವರು. ಹೋಗಿ ಬರುವ ಮೂರು ಗಂಟೆಯಲ್ಲಿ ಅರ್ಧ ಸ್ನೇಹ ಬೆಳೆದುಬಿಡುತ್ತದೆ, ಪಯಣದ ಚೆಂದವೇ ಅದು. ಯಾರಿಗಾದರೂ ವಾಂತಿ ಬಂದರೆ ಗಾಳಿ ಹೊರಗೆ ಬೀಸುವ ಬದಿಗೆ ಕರೆದೊಯ್ದು ಬೆನ್ನ ಹಿಂದೆ ನಿಂತುಕೊ. ಹೆದರಿದವರಿಗೆ 'ಏನಾಗಲ್ಲ, ಇಳಿ' ಅಂತ ಒತ್ತಾಯಿಸಬೇಡ. ಭಯದಲ್ಲಿ ಇಳಿದವರೇ ಉಸಿರು ಹಿಡಿಯುವುದು.

ಆದರೆ ಒಂದು ಕಡೆ ಅವರ ಮಾತು ಕೇಳಬೇಡ. ದಡಕ್ಕೆ ಬಂದ ಕೂಡಲೆ ಯಾರಾದರೂ 'ಕಾರಲ್ಲಿ ಜಾಗ ಇದೆ, ಸಂಜೆಯೊಳಗೆ ಜೋಗ ನೋಡೋಣ' ಅನ್ನುತ್ತಾರೆ. ನೀರಡಿಯಲ್ಲಿ ಮೈಗೆ ಸೇರಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಘಟ್ಟ ಹತ್ತಿದಂತೆ ಗಾಳಿಯ ಒತ್ತಡ ಇಳಿದು, ಅದು ರಕ್ತದಲ್ಲಿ ಗುಳ್ಳೆ ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಿರಿ ಎನ್ನುತ್ತಾರೆ. ಆಳ ಕಡಿಮೆಯಿದ್ದ ಒಂದೇ ಡೈವಿನಲ್ಲಿ ಅಪಾಯ ಸಣ್ಣದು, ನಿಜ. ಆದರೂ ಘಟ್ಟಕ್ಕೂ ಇದೇ ಲೆಕ್ಕ ಇಟ್ಟುಕೊ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಡೈವ್ ಮೊದಲು, ಆ ರಾತ್ರಿ ಕರಾವಳಿಯಲ್ಲೇ, ಜೋಗ ಮರುದಿನ. ಒಳ್ಳೆಯ ಜೊತೆಯಾದರೆ ಅವರನ್ನೂ ಒಂದು ರಾತ್ರಿ ಉಳಿಸಿಕೊ, ಬಂಗುಡೆ ಊಟ ಹಾಕಿಸು.

ಅಕ್ಟೋಬರದಿಂದ ಮೇ ತನಕ ದೋಣಿ ಹೋಗುತ್ತದೆ, ಮಳೆಗಾಲದಲ್ಲಿ ಇಲ್ಲ. ಡಿಸೆಂಬರ್-ಜನವರಿಯಲ್ಲಿ ನೀರು ಚೆನ್ನಾಗಿ ತಿಳಿಯಾಗಿರುತ್ತದೆ, ಗಿಳಿಮೀನು ಹವಳ ಕಚ್ಚುವ ಕಟಕಟ ಸದ್ದೂ ಕೇಳಬಹುದು. ಹವಳ ಮುಟ್ಟಬೇಡ.

ದೋಣಿ ಇಳಿಯುವ ಮೊದಲೇ ಎಲ್ಲರ ನಂಬರು ಬರೆದುಕೊ. ಫೋಟೋ ಇರುವುದು ಯಾರದೋ ಒಬ್ಬರ ಕ್ಯಾಮೆರಾದಲ್ಲಿ, ದಡ ಮುಟ್ಟಿದ ಮೇಲೆ ಎಲ್ಲರೂ ಚದುರಿಹೋಗುತ್ತಾರೆ.

ಇತಿ ನಿನ್ನ,
ಗೆಳೆಯ